ಅಪ್ಪನ ಇಂಗ್ಲಿಷು, ಆಯಿಯ ಫರಾಳ

ಅಪ್ಪ ಇಂಗ್ಲಿಷಿಗೆ ಇಳಿದನೆಂದರೆ ಮಾತು ಮುಗಿಯಿತು ಎಂದೇ ಅರ್ಥ. ಅಕ್ಕೋಳದ ನಮ್ಮ ಮನೆಯಲ್ಲಿ ಬೇಡುವುದು, ಬಯ್ಯುವುದು, ಚಾಷ್ಟಿ ಮಾಡುವುದು ಎಲ್ಲ ಕನ್ನಡದಲ್ಲಿ ನಡೆಯುತ್ತಿತ್ತು. ಅಪ್ಪನ ತಾಯಿಯನ್ನು ಮನೆಯಲ್ಲಿ ಎಲ್ಲರೂ, ಹೆತ್ತ ಮಕ್ಕಳು ಕೂಡ, ಆಯಿ ಎಂದೇ ಕರೆಯುತ್ತಿದ್ದೆವು. ಅವಳು ದೇವರ ಮುಂದೆ ಕೂತಾಗ, ನನ್ನನ್ನು ಮುದ್ದು ಮಾಡುವಾಗ ತನಗೇ ಗೊತ್ತಿಲ್ಲದೆ ಮರಾಠಿಗೆ ಹೊರಳುತ್ತಿದ್ದಳು. ಅವಳ ತವರು ಗಡಿಯಾಚೆ, ಕಾಗಲದ ಕಡೆಯ ಒಂದು ಹಳ್ಳಿ. ಇಂಗ್ಲಿಷು ಮಾತ್ರ ಅಪ್ಪ ಒಬ್ಬನದೇ. ನಿಪ್ಪಾಣಿಯ ಹೈಸ್ಕೂಲಿನಲ್ಲಿ ಅವನು ಇಂಗ್ಲಿಷ್ ಮಾಸ್ತರ. ಪಡಸಾಲೆಯಲ್ಲಿ ಯಾವುದೋ ವಿಷಯಕ್ಕೆ ಹತ್ತು ಮಾತು ಬೆಳೆದಾಗ ಅವನು ಇದ್ದಕ್ಕಿದ್ದಂತೆ "ನಾಟ್ ಅಟ್ ಆಲ್" ಅನ್ನುತ್ತಿದ್ದ, ಇಲ್ಲವೆ "ಅಟ್ ಎನಿ ಕಾಸ್ಟ್" ಅನ್ನುತ್ತಿದ್ದ. ಅಲ್ಲಿಗೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ಕಾಕಾ ಹೆಗಲ ಮೇಲಿನ ಟಾವೆಲ್ಲು ಕೊಡವಿ ಹೊಲಕ್ಕೆ ನಡೆಯುತ್ತಿದ್ದ. ಎದುರಾಡಲು ಯಾರ ಬಳಿಯೂ ಆ ಭಾಷೆ ಇರಲಿಲ್ಲ.

ಅಂಥ ಮಾತುಗಳ ಉಪಯೋಗವೇನು ಎಂದು ನಾನು ಒಂದು ಸಲ ಕೇಳಿದ್ದೆ. ಆಗ ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದೆ. ಅಪ್ಪ ಖುಷಿಯಲ್ಲಿದ್ದ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೊಟ್ಟಿಗೆಯ ಕಡೆ ಬೆರಳು ತೋರಿಸಿದ.

"ಅಲ್ನೋಡು ಸುಮಿ, ಆಕಳಾ ಕಟ್ಟೂ ಗೂಟಾ ಐತೆಲ್ಲ, ಹಂಗ ಇವು. ಮಾತಿಗೆ ಹೊಸಾ ಅರ್ಥ ಏನೂ ತರೂದಿಲ್ಲ. ಆದ್ರ ಆಡಿದ ಮಾತ ಕದಲಬಾರದಂದ್ರ ಹಿಂಗ ಒಂದ ಗೂಟಾ ಹೊಡೀಬೇಕು."

ಅವನ ಬಳಿಯಿದ್ದ ಗೂಟಗಳಲ್ಲಿ ಬಹಳ ದೊಡ್ಡದು "ಒನ್ಸ್ ಫಾರ್ ಆಲ್". ಪುಸ್ತಕದಲ್ಲಿ ನಡುವೆ ಒಂದು "ಅಂಡ್" ಇರುತ್ತದೆ, ಅಪ್ಪ ಅದನ್ನು ನುಂಗಿ ಹೇಳುತ್ತಿದ್ದ. ಅಪರೂಪಕ್ಕೆ ಹೊರಗೆ ತೆಗೆಯುತ್ತಿದ್ದ. ಚಹಾದಂಗಡಿಯ ಎದುರು ಇಸ್ಪೀಟು ಆಡುವುದನ್ನು ಅವನು ಬಿಟ್ಟದ್ದು ಆ ಮಾತು ಹೇಳಿ. ಅವ್ವನ ತವರಿನವರು ಯಾವುದೋ ಲಗ್ನದಲ್ಲಿ ಮರ್ಯಾದೆ ತಪ್ಪಿದರೆಂದು ಆ ಮನೆಯ ಹೊಸ್ತಿಲು ತುಳಿಯದೇ ಹೋದದ್ದೂ ಅದೇ ಮಾತು ಹೇಳಿಯೇ. ಹಾಗೆ ಹೇಳಿದ ಮೇಲೆ ಅವನು ಹಿಂದೆ ಸರಿದದ್ದನ್ನು ನಾವು ಕಂಡಿರಲಿಲ್ಲ. ಬೇರೆಯವರಿಗಿಂತ ಹೆಚ್ಚಾಗಿ ಅವನೇ ಆ ಮಾತಿಗೆ ಅಂಜುತ್ತಿದ್ದನೇನೋ ಎಂದು ಈಗ ಅನ್ನಿಸುತ್ತದೆ.

ಮನೆ ದೊಡ್ಡದೇನಲ್ಲ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ನಡುಮನೆ, ಅದರಾಚೆ ಹೊಗೆಗೆ ಕರ್ರಗಾದ ಅಡಿಗೆಮನೆ, ಹಿಂದೆ ಹಿತ್ತಲು. ಪಡಸಾಲೆಯ ಒಂದು ಮೂಲೆಯಲ್ಲಿ ಅಪ್ಪನ ಮೇಜು, ಇನ್ನೊಂದು ಮೂಲೆಯಲ್ಲಿ ಕಾಕಾನ ಗುದ್ದಲಿ, ಸಲಿಕೆ, ನೀರು ಹಾಯಿಸುವ ರಬ್ಬರ್ ಪೈಪು. ಕಾಕಾ ಅಂದರೆ ಅಪ್ಪನ ತಮ್ಮ ಬಾಳು. ಅಜ್ಜ ತೀರಿಕೊಂಡಾಗ ಅವನು ಏಳನೇ ಇಯತ್ತೆಗೆ ಸಾಲಿ ಬಿಟ್ಟು ಹೊಲಕ್ಕಿಳಿದ. ಅಣ್ಣ ಕೊಲ್ಲಾಪುರಕ್ಕೆ ಕಾಲೇಜಿಗೆ ಹೋದ. ಇದನ್ನು ಯಾರೂ ಯಾರಿಗೂ ಅಂದು ತೋರಿಸಿರಲಿಲ್ಲ. ಇಬ್ಬರೂ ಚಿಕ್ಕಂದಿನಿಂದ ಒಂದೇ ಗೋಡೆಗೆ ಬೆನ್ನು ಹಚ್ಚಿ ಪಕ್ಕ ಪಕ್ಕ ಕೂತು ಉಣ್ಣುತ್ತಿದ್ದರು. ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಆಯಿ ಒಂದು ದಿನ ಇವನಿಗೆ, ಒಂದು ದಿನ ಅವನಿಗೆ ಹಾಕುತ್ತಿದ್ದಳು. ಮೀಸೆ ಬಂದ ಮಕ್ಕಳಿಗೂ ಆ ಪಾಳಿ ತಪ್ಪಿರಲಿಲ್ಲ. ಅಪ್ಪ ಅವಳಿಗೆ ಅಣ್ಣು, ಕಾಕಾ ಬಾಳ್ಯಾ.

ಕಾಕಾನ ಹೆಂಡತಿ ನನ್ನ ಕಾಕು. ಅಥಣಿ ಕಡೆಯ ಹುಡುಗಿ, ಬಂದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಮಲಗುತ್ತಿದ್ದುದು ನಡುಮನೆಯಲ್ಲಿ ಆಯಿಯ ಮಗ್ಗುಲಲ್ಲಿ. ಉಳಿದ ಹೊತ್ತೆಲ್ಲ ಕಾಕುವಿನ ಸೆರಗಿನ ಹಿಂದೆ. ಅವ್ವ ನನ್ನ ತಲೆ ಬಾಚಿದರೆ ಜಗ್ಗಿ ಬಾಚುತ್ತಿದ್ದಳು. ಕಾಕು ಸಿಕ್ಕನ್ನು ಬೆರಳಲ್ಲಿ ಬಿಡಿಸಿ, ಬೇರಿನ ಹತ್ತಿರ ಕೂದಲು ಹಿಡಿದುಕೊಂಡು, ನೋವಾಗದಂತೆ ಬಾಚುತ್ತಿದ್ದಳು. ಬಿಸಿ ರೊಟ್ಟಿಯ ಅಂಚು ಮುರಿದು ಬೆಣ್ಣೆ, ಶೇಂಗಾ ಚಟ್ನಿ ಸವರಿ ಒಲೆಯ ಹಿಂದಿನಿಂದ ನನ್ನ ಕೈಗೆ ದಾಟಿಸುತ್ತಿದ್ದಳು. ಅವ್ವ ನೋಡಿಯೂ ನೋಡದಂತೆ ಇರುತ್ತಿದ್ದಳು. ಕಾಕಾ ನನಗೆ ಸಿಳ್ಳು ಹಾಕುವುದನ್ನು ಕಲಿಸಿದ್ದ. ಬೆಲ್ಲದ ಗಾಣಕ್ಕೆ ಕರೆದೊಯ್ದು ಕಬ್ಬಿನ ತುಂಡನ್ನು ಬಿಸಿ ಪಾಕದಲ್ಲಿ ಅದ್ದಿ, ಊದಿ ಆರಿಸಿ ಕೊಡುತ್ತಿದ್ದ. ನನಗೆ ಇಬ್ಬರು ಅವ್ವಂದಿರು, ಇಬ್ಬರು ಅಪ್ಪಂದಿರು ಎಂದೇ ನಾನು ಆ ವಯಸ್ಸಿನವರೆಗೆ ಬೆಳೆದಿದ್ದೆ. ಎಲ್ಲರ ಮನೆಯೂ ಹೀಗೇ ಇರುತ್ತದೆಂದು ತಿಳಿದಿದ್ದೆ.

ಆಯಿಗೆ ಒಂದು ಅಭ್ಯಾಸವಿತ್ತು. ಗೊತ್ತಿಲ್ಲದ ಶಬ್ದ ಕಿವಿಗೆ ಬಿದ್ದರೆ ಅವಳು ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದಾಗ ಅವಳಿಗೆ ಕನ್ನಡದ ಗಂಧವಿರಲಿಲ್ಲವಂತೆ. ಅತ್ತೆ "ಸೌಟು ತಾ" ಅಂದರೆ ಸೊಪ್ಪು ತಂದಳಂತೆ, ಮನೆಯವರೆಲ್ಲ ನಕ್ಕರಂತೆ. ಅಂದಿನಿಂದ "ಮ್ಹಣಜೇ ಕಾಯ್?", ಹಾಗಂದರೇನು, ಎಂದು ಕೇಳಿ ಕೇಳಿಯೇ ಅವಳು ಕನ್ನಡ ಕಲಿತದ್ದು. ಮುದುಕಿಯಾದ ಮೇಲೂ ಕೇಳುವುದಕ್ಕೆ ನಾಚುತ್ತಿರಲಿಲ್ಲ. ಬಸ್ಸಿನ ಕಂಡಕ್ಟರನನ್ನು ಕೇಳುತ್ತಿದ್ದಳು, ಇಂಜೆಕ್ಷನ್ ಕೊಡಲು ಬಂದ ನರ್ಸಬಾಯಿಯನ್ನು ಕೇಳುತ್ತಿದ್ದಳು. ಅಪ್ಪನ ಇಂಗ್ಲಿಷನ್ನೂ ಕೇಳುತ್ತಿದ್ದಳು. ಅಪ್ಪ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ಗೂಟ ಹೊಡೆದವನು ಅದರ ಅರ್ಥ ಹೇಳುತ್ತ ಕೂತರೆ ಅದು ಸಡಿಲವಾಗುತ್ತದೆಂದೋ ಏನೋ.

ಎಲ್ಲ ಕೆಟ್ಟದ್ದು ಒಂದು ಊಟದಿಂದ. ಜೋಳದ ಎಳೆ ತೆನೆ ಸುಟ್ಟು ತಿನ್ನುವ ಸೀತನಿಯ ಕಾಲ. ಅಪ್ಪನ ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದಿದ್ದರು. ಅವರನ್ನೂ ಇನ್ನಿಬ್ಬರು ಮಾಸ್ತರರನ್ನೂ ಅಪ್ಪ ಮನೆಗೆ ಊಟಕ್ಕೆ ಕರೆದಿದ್ದ. ಬೆಳಗಿನಿಂದ ಮನೆಯಲ್ಲಿ ಗಡಿಬಿಡಿ. ಬದನೆಕಾಯಿ ಎಣಗಾಯಿ, ಸಜ್ಜಿ ರೊಟ್ಟಿ, ಕೆನೆ ಮೊಸರು. ಪಡಸಾಲೆಯ ಮೂಲೆಯಲ್ಲಿದ್ದ ಗುದ್ದಲಿ ಸಲಿಕೆಗಳನ್ನು ಅಪ್ಪ ತಾನೇ ಎತ್ತಿ ಹಿತ್ತಲಲ್ಲಿ ಇಟ್ಟ. ಮೇಜಿಗೆ ಹೊಸ ಹಾಸು ಹಾಕಿದ. ಅತಿಥಿಗಳು ಬಂದು ಊಟಕ್ಕೆ ಕೂತಿದ್ದರು. ಅಷ್ಟರಲ್ಲಿ ಕಬ್ಬಿಗೆ ನೀರು ಬಿಟ್ಟು ಕಾಕಾ ಬಂದ. ಮೊಣಕಾಲವರೆಗೆ ಕೆಸರು, ಮೈಮೇಲೆ ಬನಿಯನ್ನು. ಹಿತ್ತಲಿಗೆ ಹೋಗಿ ಕಾಲಿಗೆ ಒಂದು ತಂಬಿಗೆ ನೀರು ಸುರಿದುಕೊಂಡವನೇ, ದಿನಾ ಕೂರುವ ಜಾಗದಲ್ಲಿ, ಅಪ್ಪನ ಪಕ್ಕದಲ್ಲಿ ಕೂತ. ಅಪ್ಪನ ಆ ಕಡೆ ಹೆಡ್‌ಮಾಸ್ತರರಿದ್ದರು.

ಕಾಕಾನಿಗೆ ಮಂದಿ ಅಂದರೆ ಖುಷಿ. ಅವನು ಅಣ್ಣನ ಬಗ್ಗೆ ಹೆಮ್ಮೆಯಿಂದಲೇ ಹೇಳಲು ಶುರುಮಾಡಿದ. ಅಣ್ಣ ಸಾಲಿ ಹುಡುಗನಿದ್ದಾಗ ಇಂಗ್ಲಿಷು ಕಂಠಪಾಠ ಮಾಡುತ್ತ ಹೊಲದ ಬದುವಿನ ಮೇಲೆ ಅಡ್ಡಾಡುತ್ತಿದ್ದನಂತೆ. ಒಂದು ದಿನ ಎಮ್ಮೆ ಅಟ್ಟಿಸಿಕೊಂಡು ಬಂತಂತೆ. ಅಣ್ಣ ಮೂಟೆ ಕಟ್ಟಿಟ್ಟ ತಂಬಾಕಿನ ಬೋದಿನ ಮೇಲೇರಿ ನಿಂತು, "ಹೆಲ್ಪ್, ಹೆಲ್ಪ್" ಎಂದು ಇಂಗ್ಲಿಷಿನಲ್ಲೇ ಕೂಗಿದನಂತೆ. ಹೊಲದಲ್ಲಿದ್ದ ಯಾರಿಗೂ ತಿಳಿಯಲಿಲ್ಲವಂತೆ. ಕಾಕಾ ಎದ್ದು ನಿಂತು ಅಭಿನಯಿಸಿ ತೋರಿಸಿದ. ಮಾಸ್ತರರು ನಕ್ಕರು. ಹೆಡ್‌ಮಾಸ್ತರರಂತೂ ಕೆಮ್ಮು ಬರುವಷ್ಟು ನಕ್ಕು, "ಹೆಲ್ಪ್, ಹೆಲ್ಪ್" ಎಂದು ಅಪ್ಪನ ಬೆನ್ನು ತಟ್ಟಿದರು. ಅಪ್ಪ ನಗಲಿಲ್ಲ. ಅವನ ಕಿವಿ ಕೆಂಪಾದದ್ದನ್ನು ಬಾಗಿಲ ಸಂದಿಯಿಂದ ನಾನು ನೋಡಿದೆ.

ಅತಿಥಿಗಳನ್ನು ಬಸ್ಸು ಹತ್ತಿಸಿ ಬಂದವನೇ ಅಪ್ಪ ಚಪ್ಪಲಿಯನ್ನೂ ಕಳಚಲಿಲ್ಲ.

"ನಾಕ ಮಂದ್ಯಾಗ ಹೆಂಗ ಕುಂಡ್ರಬೇಕಂತ ನಿನಗ ತಿಳಿಯೂದಿಲ್ಲೇನೋ? ಕೆಸರಗಾಲೀಲೆ ಬಂದ ಮಗ್ಗಲಕ ಕುಂತಿ."

"ಕಾಲ ತೊಳಕೊಂಡೇ ಬಂದಿದ್ದೆ ಅಣ್ಣಾ."

"ಇದು ಪಡಸಾಲಿ, ನಿನ್ನ ಕಬ್ಬಿನ ಗದ್ದಿ ಅಲ್ಲ."

ಕಾಕಾನ ಮುಖದಲ್ಲಿ ಅಲ್ಲಿಯವರೆಗೂ ಉಳಿದಿದ್ದ ನಗು ಆಗ ಹೋಯಿತು.

"ನಮ್ಮ ಮನ್ಯಾಗ ನಾ ಎಲ್ಲಿ ಕುಂಡ್ರಬೇಕಂತ ಕೇಳಿ ಕುಂಡ್ರಬೇಕೇನ ಇನ್ನ? ನಾ ಗದ್ದ್ಯಾಗ ನಿಂತೇನಿ ಅಂತ ನೀ ಸಾಲ್ಯಾಗ ನಿಂತೀದಿ. ಅದನ್ನರ ನೆನಪ ಇಟಗೋ."

ಯಾರೂ ಅಂದಿರದ ಮಾತು ಅದು. ಅಂದವನಿಗೇ ಗಾಬರಿಯಾಯಿತೆಂದು ಕಾಣುತ್ತದೆ, ಕಾಕಾ ಟಾವೆಲ್ಲಿನಿಂದ ಬಾಯಿ ಒರೆಸಿಕೊಂಡ. ಅಪ್ಪ ಮೇಜಿನ ಹೊಸ ಹಾಸನ್ನು ಎಳೆದು ನೆಟ್ಟಗೆ ಮಾಡಿದ. ಆಮೇಲೆ, ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತ ಓದುವವನ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

"ಆತು. ಇದನ್ನ ಒನ್ಸ್ ಫಾರ್ ಆಲ್ ಮುಗಸೂಣು. ಒನ್ಸ್ ಫಾರ್ ಆಲ್."

ಹೇಳಿ ಹೊರಗೆ ನಡೆದುಬಿಟ್ಟ. ಆಯಿ ನಡುಮನೆಯ ಹೊಸ್ತಿಲಲ್ಲಿ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ಅವಳ ಕಿವಿ ಆ ಹೊತ್ತಿಗಾಗಲೇ ಮಂದವಾಗಿತ್ತು. ಜಗಳವೆಂದು ತಿಳಿದಿತ್ತು, ಆದರೆ ಕೊನೆಯ ಮಾತಿನಲ್ಲಿ ಅವಳಿಗೆ ಬೇರೇನೋ ಕೇಳಿಸಿತ್ತು. ಫರಾಳ ಅಂದರೆ ನಮ್ಮ ಕಡೆ ದೀಪಾವಳಿಗೆ ಮಾಡುವ ಚಕಲಿ, ಕರಚಿಕಾಯಿ, ಚೂಡಾ, ಉಂಡಿ. ಅದನ್ನು ಒಂದೇ ಹಾಸಿನ ಮೇಲೆ ಮನೆಮಂದಿಯೆಲ್ಲ ಕೂತು ತಿನ್ನುವುದು ಅವಳ ತವರಿನ ದೊಡ್ಡ ಸಂಭ್ರಮ.

"ಬಾಳ್ಯಾ, ಏನಂದಾ ಅಂವಾ? ಮ್ಹಣಜೇ ಕಾಯ್? ಫರಾಳಾ ಅಂದ್ನಲ್ಲ?"

ಕಾಕಾನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೆ ಅಣ್ಣನ ದನಿ ಅವನಿಗೆ ಹುಟ್ಟಿನಿಂದ ಗೊತ್ತು. ಆ ದನಿಯಲ್ಲಿ ಆಡಿದ ಮಾತಿಗೆ ಅರ್ಥ ಬೇಕಿರಲಿಲ್ಲ. ಅವನು ತಾಯಿಯನ್ನೇ ನೋಡಿದ. ಮೊರದಲ್ಲಿ ಅವಳ ಬೆರಳು ನಿಂತಿದ್ದವು.

"ಹೂಂ ಆಯೀ" ಅಂದ. "ಒಮ್ಮೆ ಎಲ್ಲಾರೂ ಕೂಡಿ ಫರಾಳಾ ಮಾಡೂಣು, ಜಗಳಾ ಮುಗೀಲಿ ಅಂತಾನ."

"ಹಂಗಂದ್ನಾ?" ಆಯಿಯ ಮುಖ ಅರಳಿತು. "ಹೇಳೂದಾದ್ರೂ ಅಷ್ಟ ಸಿಟ್ಟೀಲೆ ಹೇಳಬೇಕೇನ ಕೂಸಾ?"

ಮರುದಿನದಿಂದಲೇ ಆಯಿ ಶುರುಮಾಡಿದಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ನಮ್ಮ ಮನೆಯಲ್ಲಿ ಕಡಲೆಬೇಳೆ ಹುರಿದ ವಾಸನೆ, ಒಣಕೊಬ್ಬರಿ ತುರಿದ ವಾಸನೆ. ಚಕಲಿಯ ಅಕ್ಕಿ ಬೇಳೆಯನ್ನು ನಾನೇ ಗಿರಣಿಗೆ ಹೊತ್ತುಕೊಂಡು ಹೋಗಿ ಬೀಸಿಸಿಕೊಂಡು ಬಂದೆ. ಎಣ್ಣೆಯ ಬಾಣಲೆ ಒಲೆಯೇರಿದ ದಿನ ಓಣಿಯ ಹೆಂಗಸರೆಲ್ಲ ಮೂಗು ಎತ್ತಿದರು.

"ಏನ ಆಯೀ, ಈಗ್ಯಾನ ದೀವಾಳಿ ತಗದೀರಲ್ಲ?"

"ನಮ್ಮ ಅಣ್ಣು ಅಂದಾನವಾ. ಒನಸ ಫರಾಳ ಅಂತ. ಇಂಗ್ಲಿಷಿನ್ಯಾಗ ಹಂಗಂತಾರಂತ. ಎಲ್ಲಾರೂ ಒಮ್ಮೆ ಕೂಡಿ ಕುಂಡ್ರೂದು."

ಅವ್ವ ಮತ್ತು ಕಾಕು ಅವಳ ಎರಡೂ ಬದಿಗೆ ಕೂತು ಕರಚಿಕಾಯಿ ತುಂಬುತ್ತಿದ್ದರು. ಅಪ್ಪ ಬೇರೆಯಾಗುವ ಮಾತನ್ನು ಅವ್ವನಿಗೆ ಅಷ್ಟರಲ್ಲೇ ಹೇಳಿಯಾಗಿತ್ತು. ಅಕ್ಕೋಳದ ಮನೆ, ಹೊಲ ತನಗೆ. ಕೃಷ್ಣೆಯ ದಂಡೆಗೆ, ರಾಯಬಾಗದಾಚೆ ದಿಗ್ಗೇವಾಡಿಯಲ್ಲಿ ಅಜ್ಜನ ಸೋದರಮಾವನಿಂದ ಬಂದಿದ್ದ ಹೊಲ, ಒಂದು ಸಣ್ಣ ಮನೆ ತಮ್ಮನಿಗೆ. ಓಣಿಯ ಹಿರಿಯರಿಗೂ ಸುದ್ದಿ ಮುಟ್ಟಿಸಿದ್ದ. ಇದು ಕಾಕುಗೂ ಹೇಗೋ ತಿಳಿದಿತ್ತು. ಆಯಿ ನೀರು ಕುಡಿಯಲು ಎದ್ದಾಗ ಅವಳು ತಗ್ಗಿದ ದನಿಯಲ್ಲಿ ಕೇಳಿದಳು.

"ಅಕ್ಕಾ, ಖರೇ ಏನ್ರಿ?"

ಅವ್ವ ತಲೆ ಎತ್ತಲಿಲ್ಲ.

"ಕರಚಿಕಾಯಿ ಅಂಚ ಬಿಟ್ಟಾವ ನೋಡು. ಛಂದಂಗಿ ಮುಚ್ಚು, ಎಣ್ಣ್ಯಾಗ ಒಡದಾವು."

ಆಯಿ ಫರಾಳ ಮಾಡುತ್ತಿರುವುದನ್ನು ಅಪ್ಪನಿಗೆ ನೀನೇಕೆ ಹೇಳಲಿಲ್ಲ ಎಂದು ದೊಡ್ಡವಳಾದ ಮೇಲೆ ನಾನು ಅವ್ವನನ್ನು ಕೇಳಿದ್ದೆ. ಹೇಳಿದ್ದರೆ ನಿಮ್ಮಪ್ಪ ಒಲೆ ಆರಿಸುತ್ತಿದ್ದ, ಆ ಮುದುಕಿ ಕರಿಯುವುದನ್ನಾದರೂ ಕರಿಯಲಿ ಎಂದು ಸುಮ್ಮನಿದ್ದೆ ಅಂದಳು. ಅಪ್ಪ ಬೆಳಗ್ಗೆ ಬೇಗ ಹೊರಟು ಕತ್ತಲಾದ ಮೇಲೆ ಬರುತ್ತಿದ್ದ, ಯಾರ ಕೂಡವೂ ಮಾತಾಡುತ್ತಿರಲಿಲ್ಲ, ಅಡಿಗೆಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನಿಗೆ ಗೊತ್ತಾದದ್ದು ರವಿವಾರ ಬೆಳಗ್ಗೆ, ಹಜಾಮತಿಗೆ ಕೂತಾಗ. ಪಕ್ಕದಲ್ಲಿದ್ದವರೊಬ್ಬರು "ಏನ ಮಾಸ್ತರ, ತಮ್ಮಗ ಫರಾಳಕ್ಕ ಕರದೀರಂತಲ್ರಿ, ಭಾಳ ಚಲೋ ಆತ ನೋಡ್ರಿ" ಅಂದರಂತೆ. ಅಪ್ಪ ಅರ್ಧ ಗಡ್ಡದಲ್ಲೇ ಎದ್ದು ಬರಲಿಲ್ಲ, ಪೂರ್ತಿ ಮಾಡಿಸಿಕೊಂಡೇ ಬಂದ. ಆದರೆ ಬಂದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು.

ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಎಲ್ಲರಿಗೂ ಪ್ಲೇಟು ಇಟ್ಟಿತ್ತು. ಆಯಿ ತನ್ನ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಕಾಕಾ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ತನ್ನ ದಿನದ ಜಾಗ ಬಿಟ್ಟು ಅತ್ತ ಬಾಗಿಲ ಬದಿಗೆ ಕೂತಿದ್ದ.

"ಬಾ ಅಣ್ಣು" ಅಂದಳು ಆಯಿ. "ನೀನ ಕರದಿ, ನೀನ ತಡಾ ಮಾಡಿದಿ."

"ನಾ ಯಾವಾಗ ಕರ..."

ಅಪ್ಪ ಅಲ್ಲಿಗೇ ನಿಂತ. ಅವನ ಕಣ್ಣು ತಮ್ಮನ ಕಡೆ ಹೋಯಿತು. ಕಾಕಾ ಬೇಡ ಅನ್ನುವಂತೆ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದ, ಆಯಿಗೆ ಕಾಣದಷ್ಟು. ಅಪ್ಪನಿಗೆ ಎಲ್ಲ ತಿಳಿದುಹೋಯಿತು. ತನ್ನ ಮಾತನ್ನು ತಮ್ಮ ಎಲ್ಲಿಗೆ ಒಯ್ದು ಏನು ಮಾಡಿಟ್ಟಿದ್ದಾನೆ ಎಂಬುದು ತಿಳಿಯಿತು. ಅವನು ಚಪ್ಪಲಿ ಕಳಚಿ, ಕೈ ತೊಳೆದು ಬಂದು ಗೋಡೆಗೆ ಬೆನ್ನು ಹಚ್ಚಿ ಕೂತ. ಆಯಿ ಕಾಕಾನ ರಟ್ಟೆ ಹಿಡಿದೆಳೆದು ಅಣ್ಣನ ಪಕ್ಕಕ್ಕೆ ಕೂರಿಸಿದಳು.

ಆ ಹೊತ್ತು ನನ್ನ ಕಿವಿಯಲ್ಲಿ ಇಂದಿಗೂ ಇದೆ. ಚಕಲಿ ಮುರಿಯುವ ಸದ್ದು, ಆಯಿಯ ದನಿ. ಆಯಿ ಒಬ್ಬಳೇ ಮಾತಾಡುತ್ತ ಬಡಿಸುತ್ತಿದ್ದಳು. ತವರಿನ ದೀಪಾವಳಿ, ಸತ್ತುಹೋದ ಅಣ್ಣಂದಿರು, ಕಂಚಿನ ಪರಾತದಲ್ಲಿ ಗುಡ್ಡೆ ಹಾಕಿದ ಚೂಡಾ. "ಇನ್ನೊಂದ ತಗೋ ಅಣ್ಣು, ಬಾಳ್ಯಾ ನಿಂದ ಉಂಡಿ ಹಂಗ ಐತಿ" ಎಂದು ಇಬ್ಬರ ಪ್ಲೇಟಿಗೂ ಸುರಿಯುತ್ತಿದ್ದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎಣ್ಣೆಯ ಹೊಗೆ ಅಂದಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಅಪ್ಪ ಒಂದು ಕರಚಿಕಾಯಿ ಬಾಯಿಗೆ ಹಾಕಿಕೊಂಡು ಅಗಿಯುತ್ತಲೇ ಇದ್ದ. ಕಾಕಾ ತನ್ನ ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಮೆಲ್ಲಗೆ ಅವನ ಕಡೆ ಸರಿಸಿದ. ಅಪ್ಪ ಕುಡಿದ. ನಾನು ಜಗಳ ಮುಗಿಯಿತೆಂದು ತಿಳಿದು, ಎರಡು ಉಂಡಿ ಕಿಸೆಗೆ ಹಾಕಿಕೊಂಡು ಗೆಳತಿಯರ ಕಡೆ ಓಡಿದೆ.

ಆ ದಿನ ಅಪ್ಪ ಮಾತು ಹಿಂತೆಗೆದುಕೊಳ್ಳಬಹುದಿತ್ತು. ಅವನಿಗೆ ಮನಸ್ಸಿತ್ತೆಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಆ ಮಧ್ಯಾಹ್ನವೆಲ್ಲ ಅವನು ಹಿತ್ತಲಲ್ಲಿ ನಿಂತು ತಾನೇ ತೆಗೆದಿಟ್ಟಿದ್ದ ಗುದ್ದಲಿಯನ್ನು ಮುಟ್ಟಿ ಮುಟ್ಟಿ ನೋಡಿದನಂತೆ. ಆದರೆ ಹಿರಿಯರಿಗೆ ಹೇಳಿಯಾಗಿತ್ತು. ಹೇಳಿದ್ದು ಕನ್ನಡದಲ್ಲಾಗಿದ್ದರೆ, ಸಿಟ್ಟಿನಲ್ಲಿ ಅಂದೆ ಎಂದು ನಕ್ಕು ಬಿಡಬಹುದಿತ್ತೇನೋ. ನಾನು ಈಗ ಚಿಕ್ಕೋಡಿಯ ಕಾಲೇಜೊಂದರಲ್ಲಿ ಅದೇ ಇಂಗ್ಲಿಷು ಕಲಿಸುತ್ತೇನೆ. ಈ ನುಡಿಗಟ್ಟು ಬಂದಾಗ ಬೋರ್ಡಿನ ಮೇಲೆ ಬರೆದು ಹುಡುಗರಿಗೆ ಬಿಡಿಸಿ ಹೇಳುತ್ತೇನೆ. ಒಂದು ಸಲ. ಸಲುವಾಗಿ. ಎಲ್ಲರು. ಬಿಡಿಬಿಡಿಯಾಗಿ ನೋಡಿದರೆ ಮೂರೂ ಸಾಧು ಶಬ್ದಗಳು, ಯಾರಿಗೂ ಕೇಡು ಬಯಸುವಂಥವಲ್ಲ. ಕೂಡಿಸಿದರೆ ಮಾತ್ರ, ಇನ್ನು ಹೊರಳಿ ನೋಡುವುದಿಲ್ಲ ಎಂಬ ಅರ್ಥ ಬರುತ್ತದೆ. ಹುಡುಗರು ಬರೆದುಕೊಳ್ಳುತ್ತಾರೆ. ವಾಕ್ಯದಲ್ಲಿ ಬಳಸಿ ತೋರಿಸಿರಿ ಎಂದು ಅವರು ಕೇಳಿದರೆ ಪುಸ್ತಕದಲ್ಲಿದ್ದ ವಾಕ್ಯವನ್ನೇ ಓದಿಬಿಡುತ್ತೇನೆ.

ಮುಂದಿನ ವಾರ ಹಿರಿಯರು ಬಂದರು. ಎಲ್ಲರೂ ತಾತ್ಯಾ ಎಂದು ಕರೆಯುತ್ತಿದ್ದ ಮುದುಕರೊಬ್ಬರು ನಡುವೆ ಕೂತು, ಇನ್ನೊಮ್ಮೆ ವಿಚಾರ ಮಾಡ್ರಿ ಎಂದು ಇಬ್ಬರಿಗೂ ಹೇಳಿದರು. ಅಪ್ಪ ನೆಲ ನೋಡುತ್ತ, ಆಗಲೇ ಹೇಳಿದ್ದೇನೆ, ಒನ್ಸ್ ಫಾರ್ ಆಲ್ ಅಂದ. ಈ ಸಲ ಅವನ ದನಿ ಸಣ್ಣದಾಗಿತ್ತು. ಬಂದವರಲ್ಲಿ ಒಬ್ಬರು "ಹಂಗಂದ್ರೇನ್ರಿ?" ಎಂದು ಕೇಳಿದರು. ತಾತ್ಯಾ ಪೇಟೆ ಪಟ್ಟಣ ತಿರುಗಿದವರು, ವಿವರಿಸಿದರು.

"ಕಾಯಮ್ಮಂತ. ಒಮ್ಮಿಗೇ ಕಡಕೊಂಡಬಿಡೂದು. ಇನ್ನ ಹೊಳ್ಳಿ ಮಾತ ಇಲ್ಲಂತ."

ಚಹಾದ ಕಪ್ಪುಗಳ ತಾಟು ಹಿಡಿದು ಆಯಿ ಹೊಸ್ತಿಲಲ್ಲಿ ನಿಂತಿದ್ದಳು. ತಾತ್ಯಾ ಕಿವಿ ಮಂದವಿದ್ದವರ ಹಾಗೆ ಜೋರಾಗಿ ಮಾತಾಡುವವರು, ಒಂದಕ್ಷರವೂ ಅವಳಿಗೆ ತಪ್ಪಲಿಲ್ಲ. ಅವಳು ತಾಟನ್ನು ನಡುಗಿಸದೆ ಕೆಳಗಿಟ್ಟಳು. ಎಲ್ಲರಿಗೂ ಚಹಾ ಕೊಟ್ಟಳು. ಆಮೇಲೆ ಚಿಕ್ಕ ಮಗನ ಎದುರು ಕೂತಳು.

"ಬಾಳ್ಯಾ, ನೀ ನನಗ ಸುಳ್ಳ ಹೇಳಿದೇನೋ?"

"ಹೌದ ಆಯೀ."

ಆಯಿ ಅವನ ಅಂಗಿಯ ತೋಳಿಗೆ ಹತ್ತಿದ್ದ ಏನನ್ನೋ ಕೊಡವಿದಳು.

"ಚಲೋ ಮಾಡಿದಿ ಕೂಸಾ. ಒಂದ ಊಟರ ಆತು."

ಅಪ್ಪ ಎದ್ದು ಹೊರಗೆ ಹೋದ. ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತ ಅವನ ಬೆನ್ನು ನನಗೆ ಕಾಣುತ್ತಿತ್ತು. ಹಿರಿಯರು ಚಹಾ ಕುಡಿದು, ಒಬ್ಬರ ಮುಖ ಒಬ್ಬರು ನೋಡುತ್ತ ಎದ್ದು ಹೋದರು.

ಕಾಕಾ ಕಾಕು ಹೊರಟ ಬೆಳಗ್ಗೆ ಕಾಕು ನನ್ನನ್ನು ಎಬ್ಬಿಸಿ ತಲೆ ಬಾಚಿದಳು. ಬಹಳ ಹೊತ್ತು ಬಾಚಿದಳು. ಎರಡು ಜಡೆ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಅವರ ಟ್ರಂಕು, ಕಾಳಿನ ಚೀಲ, ಒಂದು ಒಲೆ, ಒಂದು ಆಕಳ ಕರು. ಕಾಕಾ ನನ್ನನ್ನು ಎತ್ತಿಕೊಂಡು ಸಿಳ್ಳು ಹಾಕು ಅಂದ. ನನ್ನ ತುಟಿ ಕೂಡಲಿಲ್ಲ, ಗಾಳಿಯಷ್ಟೇ ಬಂತು. ಅಪ್ಪ ಆ ದಿನ ಎಂದಿಗಿಂತ ಮೊದಲಿನ ಬಸ್ಸಿಗೆ ಶಾಲೆಗೆ ಹೋಗಿದ್ದ. ಆ ಜಡೆಯನ್ನು ನಾನು ಅವ್ವನಿಗೆ ಬಿಚ್ಚಲು ಕೊಡಲಿಲ್ಲ. ಎಷ್ಟೋ ದಿನ ಹಾಗೇ ಇಟ್ಟುಕೊಂಡಿದ್ದೆ. ಕೊನೆಗೆ ತಲೆಯಲ್ಲಿ ಹೇನಾಗಿ, ಅವ್ವ ಒತ್ತಿ ಹಿಡಿದು ಬಿಚ್ಚಿದಳು. ಅವತ್ತು ನಾನು ಅತ್ತ ಹಾಗೆ ಆಮೇಲೆ ಅವ್ವ ಸತ್ತಾಗಲೂ ಅತ್ತಿಲ್ಲ.

ಆಯಿ ಎರಡೂ ಕಡೆ ಇರತೊಡಗಿದಳು. ಸುಗ್ಗಿ ಇಲ್ಲಿ, ಮಳೆಗಾಲ ಅಲ್ಲಿ. ಚಿಕ್ಕೋಡಿಯಲ್ಲಿ ಇಳಿದು, ರಾಯಬಾಗದಲ್ಲಿ ಇಳಿದು, ಗಂಟು ಹಿಡಿದು ಬಸ್ಸು ಬದಲಿಸುತ್ತ ತಿರುಗಿದಳು. ಅಕ್ಕೋಳದಲ್ಲಿದ್ದಾಗ ಮೊದಲ ರೊಟ್ಟಿಯನ್ನು ಅಪ್ಪನಿಗೆ ಒಂದು ದಿನ ಹಾಕುತ್ತಿದ್ದಳು, ಮರುದಿನ ಅದನ್ನು ಆಕಳಿಗೆ ಹಾಕುತ್ತಿದ್ದಳು. ಅಪ್ಪ ಏನೂ ಅನ್ನುತ್ತಿರಲಿಲ್ಲ. ಯಾವ ಶಬ್ದದ ಅರ್ಥವನ್ನೂ ಅವಳು ನಮ್ಮ ಮನೆಯಲ್ಲಿ ಮತ್ತೆ ಕೇಳಲಿಲ್ಲ. ಅಪ್ಪನೂ ಮನೆಯಲ್ಲಿ ಇಂಗ್ಲಿಷು ಮಾತಾಡುವುದನ್ನು ನಿಲ್ಲಿಸಿದ. ನಿಲ್ಲಿಸುತ್ತೇನೆಂದು ಯಾರಿಗೂ ಹೇಳಲಿಲ್ಲ. ನಾನು ಬೆಳೆದದ್ದು ಹಾಗೆ ಬಾಯಿ ಕಟ್ಟಿಕೊಂಡ ಆ ಮನೆಯಲ್ಲಿ. ಇಂದಿಗೂ ಯಾವುದಕ್ಕೂ ಖಂಡಿತ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ನೋಡೋಣ, ಆಗಬಹುದು, ಬರಲಿ, ಇಂಥ ಮಾತುಗಳಲ್ಲೇ ಸಂಸಾರ ಮಾಡಿದವಳು ನಾನು. ನನ್ನ ಗಂಡನಿಗೆ ಇದು ದೊಡ್ಡ ತಲೆನೋವು.

ನಾನು ಹತ್ತನೆಯ ಇಯತ್ತೆ ಮುಗಿಸುವ ಹೊತ್ತಿಗೆ ದಿಗ್ಗೇವಾಡಿಯಿಂದ ಹೇಳಿಕಳಿಸಿದರು: ಆಯಿಗೆ ಆರಾಮಿಲ್ಲ, ಬಂದು ಹೋಗ್ರಿ. ಅಪ್ಪನಿಗೆ ಪರೀಕ್ಷೆಯ ಮೇಲ್ವಿಚಾರಣೆ ಇತ್ತು, ಮುಗಿಸಿಕೊಂಡು ಹೋಗೋಣ ಅಂದ. ಎರಡನೇ ಸಲ ಬಂದ ಸುದ್ದಿ ಬೇರೆ ಇತ್ತು. ನಾವು ಹೋಗಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಮಣ್ಣು ಮಾಡಲು ಮಂದಿ ಬೆಳಗಿನಿಂದ ಅವಸರ ಮಾಡಿದ್ದರು, ಬಿಸಿಲ ಕಾಲ ಬೇರೆ. ಅಣ್ಣ ಬರದೆ ಎತ್ತುವುದಿಲ್ಲ ಎಂದು ಕಾಕಾ ಹಟ ಹಿಡಿದು ಕೂತಿದ್ದನಂತೆ. ಅಪ್ಪ ತಾಯಿಯ ಪಾದದ ಬಳಿ ಕುಸಿದು ಕೂತ. ತಲೆ ಎತ್ತಿ ತಮ್ಮನ ಕಡೆ ತಿರುಗಿದ. ಇಷ್ಟು ವರ್ಷಗಳಲ್ಲಿ ಅವನು ತಾನಾಗಿ ತಮ್ಮನಿಗೆ ಆಡಿದ ಮೊದಲ ಮಾತು ಅದು.

"ಬಾಳೂ, ಕಡೀಕ ಏನರ ಅಂದಳೇನೋ?"

ಕಾಕಾನ ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು. ಅವನು ತಡಮಾಡಲಿಲ್ಲ.

"ನಿನ್ನ ಹೆಸರ ಹಿಡದ ಕೇಳಿದಳು ಅಣ್ಣಾ. ಅಣ್ಣು ಬಂದ್ನಾ, ಅಣ್ಣು ಬಂದ್ನಾ ಅಂತ. ನಾ ಎದುರಿಗೇ ಕುಂತಿದ್ದೆ, ನನ್ನ ಹೆಸರ ಹಿಡೀಲಿಲ್ಲ."

ಅಪ್ಪ ಹಣೆಯನ್ನು ನೆಲಕ್ಕೆ ಹಚ್ಚಿ ಅತ್ತ. ಮಾಸ್ತರಿಕೆ ಮಾಡಿದ ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಕಾಕಾ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

ಅಷ್ಟಾದರೂ ಇಬ್ಬರೂ ಒಂದಾಗಲಿಲ್ಲ. ಲಗ್ನ ಮುಂಜಿಗಳಲ್ಲಿ ಭೇಟಿಯಾದರೆ ಆರಾಮ ಅದೀಯಾ ಎಂದು ಕೇಳಿಕೊಳ್ಳುತ್ತಿದ್ದರು. ಅದಕ್ಕಿಂತ ಮುಂದೆ ಹೋಗುವುದು ಇಬ್ಬರಿಗೂ ಮರೆತುಹೋಗಿತ್ತು. ಹೋದ ವರ್ಷ ಕಬ್ಬು ಕಡಿಯುವ ಕಾಲಕ್ಕೆ ಕಾಕಾ ತೀರಿಕೊಂಡ. ಅಪ್ಪ ಈಗ ಚಿಕ್ಕೋಡಿಯಲ್ಲಿ ನನ್ನ ಮನೆಯಲ್ಲೇ ಇದ್ದಾನೆ, ಕಾಲಿನಲ್ಲಿ ಬಲವಿಲ್ಲ, ಬಸ್ಸು ಹತ್ತಲಾರ. ನಾನೊಬ್ಬಳೇ ದಿಗ್ಗೇವಾಡಿಗೆ ಹೋದೆ. ಬಂದ ಮಂದಿ ಕರಗಿದ ಮೇಲೆ ಕಾಕು ಮತ್ತು ನಾನು ಅವರ ಅಡಿಗೆಮನೆಯಲ್ಲಿ ಕೂತೆವು. ಅವಳ ತಲೆಯೆಲ್ಲ ಬೆಳ್ಳಗಾಗಿತ್ತು. ಮಾತಿಗೆ ಮಾತು ಬಂದು ನಾನು, ಆಯಿ ಕೊನೆಗೆ ತನ್ನ ಹೆಸರು ಹಿಡಿದು ಕೇಳಿದಳೆಂದು ಅಪ್ಪ ಈಗಲೂ ಬಂದವರಿಗೆಲ್ಲ ಹೇಳುತ್ತಾನೆ ಅಂದೆ. ಕಾಕು ನನ್ನನ್ನೇ ನೋಡಿದಳು.

"ಹೆಸರಾ? ಯಾರ ಹೆಸರ ಹಿಡೀತಾಳವಾ ಸುಮಿ? ಬಚ್ಚಲದಾಗ ಬಿದ್ದ ದಿವಸ ಆಕೀ ಬಾಯಿ ನಿಂತಿತ್ತು. ಕಡೀತನಾ ಒಂದ ಮಾತ ಹೊರಡ್ಲಿಲ್ಲ. ನೀರ ಬೇಕಂದ್ರೂ ಕಣ್ಣೀಲೆ ಹೇಳತಿದ್ಳು."

ಸ್ವಲ್ಪ ಹೊತ್ತಿಗೆ ಅವಳಿಗೇ ಹೊಳೆಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಅಣ್ಣನಿಗೆ ಹಾಗೆ ಹೇಳಿದ್ದು ಅವಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ನಾನು ಮನೆ ಮುಟ್ಟಿದಾಗ ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಾನು ಕಾಲು ತೊಳೆಯುವವರೆಗೂ ತಡೆಯಲಿಲ್ಲ.

"ಎಲ್ಲಾ ಸರಿ ಮಾಡಿದ್ರೇನು? ಕಾಕು ಹೆಂಗದಾಳ?"

"ಅದಾಳಪ್ಪಾ."

"ಆಯೀ ಮಾತ ಏನರ ಬಂತೇನು ಅಲ್ಲಿ?"

ನಾನು ಚೀಲ ಕೆಳಗಿಟ್ಟೆ.

"ಬಂತು. ಕಾಕುನೂ ಅಲ್ಲೇ ಇದ್ಳಂತ ಆವತ್ತ. ನಿನ್ನನ್ನ ಕೇಳಾಕತ್ತಿದ್ಳಂತ ಆಯಿ."

"ಎಷ್ಟ ಸಲಾ ಕೇಳಿದಳಂತ?"

"ಭಾಳ ಸಲಾ ಅಪ್ಪಾ. ಮ್ಯಾಲಿಂದ ಮ್ಯಾಲೆ ಕೇಳಿದಳಂತ."

ಅಪ್ಪ ತಲೆಯಾಡಿಸಿದ. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಯಿತು. ಅದು ದೂರವಾಗುವವರೆಗೂ ಅವನು ಕಾದ. ಆಮೇಲೆ, ನನಗೆ ಮೊದಲ ಸಲ ಕೇಳಿಸಿಲ್ಲವೇನೋ ಎಂಬಂತೆ, ಮುಖವನ್ನು ನನ್ನ ಕಡೆ ಎತ್ತಿ, "ಇನ್ನೊಮ್ಮೆ ಹೇಳು" ಅಂದ.